ಅಕ್ಕನ ಎಡಗಡೆ

ಆ ದಿನ ಸಂಜೆಯೂ ಗೌರಕ್ಕ ಹೊಲ ಕಾಯುವ ಅಟ್ಟಣೆಯ ಮೇಲೆ ನನ್ನ ಕಡೆ ಮುಖ ಮಾಡಿ ಕೂತು, ತನ್ನ ತವರಿನ ಮದುವೆಯೊಂದರಲ್ಲಿ ಪಾಯಸ ಸೀದುಹೋದ ಕಥೆ ಹೇಳುತ್ತಿದ್ದಳು. ನಡುವೆಯೇ ಎದ್ದು ಕವಣೆ ಬೀಸಿದಳು. ಎಡಗಡೆ, ನಾನು ಗಮನಿಸಿಯೇ ಇರದ ಮೂಲೆಯಿಂದ ಗಿಳಿಗಳು ಕಿರುಚುತ್ತ ಎದ್ದವು. ಅವಳು ಮತ್ತೆ ಕೂತು, ಕಥೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದಳು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಅಜ್ಜಂಪುರದ ಹತ್ತಿರದ ನಮ್ಮ ಹೊಲದಲ್ಲಿ ಸೂರ್ಯಕಾಂತಿ ಕಾಳು ಕಟ್ಟಿದರೆ ಹಕ್ಕಿ ಕಾಯುವ ಕೆಲಸ ನಮ್ಮಿಬ್ಬರದು. ನಾನು ಒಂದೊಂದೇ ಹೂವನ್ನು ದಿಟ್ಟಿಸಿ ಕಣ್ಣು ನೋಯಿಸಿಕೊಳ್ಳುತ್ತಿದ್ದೆ. ಅವಳಿಗೆ ನಗು.

"ಲೇ ಸುಮಾ, ಅದೇನೇ ಹೆಣ್ಣು ನೋಡೋಕೆ ಬಂದೋರ ಥರ ನೋಡ್ತೀಯ? ಕಣ್ಣು ಸುಮ್ನೆ ಬಿಟ್ಕೊಂಡಿರು ಕಣೇ. ಗಾಳಿಗೆ ಎಲ್ಲಾ ಹೂನೂ ಒಟ್ಟಿಗೆ ಆಡ್ತವೆ. ಗಿಳಿ ಕೂತ್ರೆ ಒಂದೇ ಆಡ್ತದೆ. ಅದು ತಾನೇ ನಿನ್ ಕಣ್ಣ ಎಳ್ಕೊಂಡು ಹೋಯ್ತದೆ."

ಪಾಯಸದ ಕಥೆ ಹೇಳಿದ ಮರುದಿನ ಬೆಳಿಗ್ಗೆ ಲಕ್ವ ಹೊಡೆದು ಅವಳ ಎಡಗೈ ಜೋತುಬಿದ್ದಿತ್ತು. ತರೀಕೆರೆಯ ಆಸ್ಪತ್ರೆಯಿಂದ ಮನೆಗೆ ಬಂದಾಗ ನಿಧಾನವಾಗಿ ನಡೆಯುತ್ತಿದ್ದಳು, ಮಾತೂ ಇತ್ತು. ಆದರೆ ತಟ್ಟೆಯ ಬಲ ಅರ್ಧವನ್ನು ಮಾತ್ರ ಉಂಡು, "ಪಲ್ಯ ಹಾಕೋದೇ ಮರ್ತೆಯಲ್ಲೇ" ಎಂದು ರೇಗುತ್ತಿದ್ದಳು. ಪಲ್ಯ ಎಡಗಡೆಯೇ ಇತ್ತು. ತಲೆಯನ್ನೂ ಬಲಗಡೆ ಮಾತ್ರ ಬಾಚಿಕೊಳ್ಳುತ್ತಿದ್ದಳು. ಕಣ್ಣು ಚೆನ್ನಾಗಿಯೇ ಇದೆ, ಮೆದುಳಿಗೆ ಪೆಟ್ಟಾಗಿ ಗಮನ ಎಡಕ್ಕೆ ಹೋಗುತ್ತಿಲ್ಲ ಎಂದರು ಡಾಕ್ಟರು. "ನೀವು ಅವರ ಎಡಗಡೆನೇ ಕೂತ್ಕೊಂಡು ಏನಾದ್ರೂ ಆಡಿಸ್ತಾ ಇರಿ. ಅಲ್ಲಾಡೋದು ಕಂಡ್ರೆ ತಿರುಗ್ಬಹುದು."

ಹಕ್ಕಿ ಬೆದರಿಸಲು ಕೋಲಿಗೆ ಕಟ್ಟಿದ್ದ ಕೆಂಪು ಬಟ್ಟೆಯನ್ನೇ ಬಿಚ್ಚಿ ತಂದು ಬೀಸತೊಡಗಿದೆ. ಒಮ್ಮೊಮ್ಮೆ ತಿರುಗುತ್ತಿದ್ದಳು.

"ಅಯ್ಯೋ, ಇಲ್ಲೇ ಇದ್ದೀಯೇನೇ! ಯಾವಾಗ್ ಬಂದೆ?"

ಬೆಳಿಗ್ಗೆಯಿಂದ ಅಲ್ಲೇ ಇರುತ್ತಿದ್ದೆ.

ಹೊಲ ಕಂಡರೆ ಹಳೆಯ ನೋಟ ಮರಳೀತು ಎಂಬ ಆಸೆಯಿಂದ ಒಂದು ದಿನ ಕೈಹಿಡಿದು ಕರೆದೊಯ್ದು ಬದುವಿನ ಮೇಲೆ ಕೂರಿಸಿದೆ. ಕೊಯ್ಲು ಇನ್ನೂ ಆಗಿರಲಿಲ್ಲ. ಎಡಗಡೆಯ ಸಾಲುಗಳಿಗೆ ಗಿಳಿಗಳ ಹಿಂಡೇ ಇಳಿಯಿತು. ನಾನು ಓಡಿಸಲಿಲ್ಲ. ಅವಳೇ ನೋಡಲಿ ಎಂದು ಕಾದೆ. ಗಾಳಿಯಿರಲಿಲ್ಲ, ಆದರೂ ಅಲ್ಲೊಂದು ಇಲ್ಲೊಂದು ಹೂವು ತೂಗುತ್ತಿತ್ತು. ಅಕ್ಕ ಬಲಗಡೆಯನ್ನೇ ನೋಡುತ್ತಿದ್ದಳು.

"ಪಕ್ಕದೋರ ಹೊಲದಲ್ಲಿ ಕಿರುಚ್ತಾವೆ ಕಣೇ, ಪಾಪ. ನೋಡು, ನಾನು ಬಂದಿದ್ದೇ ತಡ, ನಮ್ಮಲ್ಲಿ ಒಂದೂ ಇಲ್ಲ."

ಬಟ್ಟೆ ಬೀಸಿದೆ. ತಿರುಗಲಿಲ್ಲ. "ಹೂಂ ಅಕ್ಕ" ಎಂದೆ. ಅವಳ ಮುಖದಲ್ಲಿ ಆ ಹೊತ್ತಿನಲ್ಲಿದ್ದ ಸಮಾಧಾನವನ್ನು ಕೆಡಿಸುವ ಧೈರ್ಯ ನನಗಾಗಲಿಲ್ಲ.

ಚಳಿಗಾಲದಲ್ಲಿ ಮತ್ತೊಮ್ಮೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ಕಣ್ಣು ತೆರೆದೇ ಮಲಗಿದ್ದಳು. ಎಡಗಡೆ ನಿಂತು ಬಟ್ಟೆ ಬೀಸಿದೆ, ಆಮೇಲೆ ಬಲಗಡೆಗೂ ಹೋಗಿ ಬೀಸಿದೆ. ಭಾವ, "ಸಾಕು ಬಿಡಮ್ಮ, ಕೈ ನೋಯ್ತದೆ" ಎಂದರು. ಸಂಜೆಯ ಹೊತ್ತಿಗೆ ಅವರೇ ಅವಳ ಕಣ್ಣು ಮುಚ್ಚಿದರು.

ಈ ವರ್ಷವೂ ಸೂರ್ಯಕಾಂತಿ ಹಾಕಿದ್ದೇವೆ. ಅವಳ ಎಡಗಡೆಯೇ ಕೂತು ರೂಢಿಯಾಗಿ, ಊಟಕ್ಕೆ ಕೂರುವಾಗ ನಾನು ಈಗಲೂ ಬಲಕ್ಕೆ ಒಬ್ಬರಿಗೆ ಜಾಗ ಬಿಟ್ಟು ಕೂರುತ್ತೇನೆ. ಅಲ್ಲಿ ಅಕ್ಕ ಇಲ್ಲ.