ಬಾಗಿಲ ಮೇಲೆ ಎರಡು ಪೆಟ್ಟು

ಆ ಸಿನಿಮಾದಲ್ಲಿ ಸ್ಟೋರಿ ಎಂಬುದು ಇರಲಿಲ್ಲ. ಒಬ್ಬ ಲಾರಿ ಡ್ರೈವರ್, ಅವನ ಬೆನ್ನು ಹತ್ತಿದ ಕೆಟ್ಟ ಮಂದಿ, ಎಣ್ಣೆಯ ಡ್ರಮ್ಮುಗಳು, ಬೆಂಕಿ, ಮತ್ತೆ ಬೆಂಕಿ. ಯಾರು ಯಾರನ್ನು ಯಾಕೆ ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಎಂಬುದು ಇಂಟರ್ವಲ್ ಹೊತ್ತಿಗೆ ಯಾರಿಗೂ ನೆನಪಿರುತ್ತಿರಲಿಲ್ಲ. ಅದನ್ನು ನಾನು ಮತ್ತು ಅವ್ವ ಬಾಗಲಕೋಟೆಯಲ್ಲಿ ನೋಡಿದೆವು, ಇಳಕಲ್ಲಿನಲ್ಲಿ ನೋಡಿದೆವು, ಹುನಗುಂದದಲ್ಲಿ ನೋಡಿದೆವು. ಕಡೆಗೆ ಕಮತಗಿಯ ಟೆಂಟಿನಲ್ಲಿಯೂ ನೋಡಿದೆವು. ಅದರಲ್ಲಿ ನನ್ನ ಅಣ್ಣ ಇದ್ದ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಸಾಲೆ ಬಿಟ್ಟು ಅಪ್ಪನ ಲಾರಿ ಹತ್ತಿದವನು. ಇಳಕಲ್ಲಿನಿಂದ ಸೀರೆಯ ಗಂಟು, ಕೆಂಪು ಕಲ್ಲು, ಏನು ಸಿಕ್ಕರೆ ಅದು. ಅವ್ವ ಮನೆಯಲ್ಲಿ ಕೊಂಡಿ ಹಾಕುತ್ತಿದ್ದಳು. ನಮ್ಮ ಕಡೆಯ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಅವಳು ಕೂಡಿಸಿದ್ದು ಬೆರಳಿಗೆ ತಾಗುತ್ತಿರಲಿಲ್ಲ. ನಾನು ಹುಬ್ಬಳ್ಳಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಸಿಸ್ಟರುಗಳ ನಡುವೆ ಫೋರ್ಕ್ ಹಿಡಿಯುವುದನ್ನು ಕಲಿಯುತ್ತಿದ್ದೆ.

ಲಾರಿಯವರಲ್ಲಿ ಒಂದು ನೇಮ. ಗಾಡಿ ಬಿಟ್ಟ ಮೇಲೆ ಹಿಂದೆ ತಿರುಗಿ ನೋಡಬಾರದು. ಅಣ್ಣ ನೋಡುತ್ತಿರಲಿಲ್ಲ. ಅದಕ್ಕೆ ಬದಲಾಗಿ ಕೈ ಹೊರಗೆ ಹಾಕಿ ಬಾಗಿಲ ಮೇಲೆ ಅಂಗೈಯಿಂದ ಎರಡು ಪೆಟ್ಟು ಬಡಿಯುತ್ತಿದ್ದ. ಒಳಗೆ ಒಲೆಯ ಮುಂದಿದ್ದರೂ ಅವ್ವನಿಗೆ ಕೇಳಿಸುತ್ತಿತ್ತು. "ಹೊಂಟ" ಎನ್ನುತ್ತಿದ್ದಳು, ಅಷ್ಟೇ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಅಣ್ಣ ಲೋಡು ಇಳಿಸಿ ಕೆರೂರಿನಿಂದ ಬಾದಾಮಿ ಕಡೆಗೆ ಬರುತ್ತಿದ್ದಾಗ ಸಿನಿಮಾದವರು ಕೈ ಅಡ್ಡ ಹಾಕಿದರಂತೆ. ಬಾದಾಮಿಯ ಕೆಂಪು ಬಂಡೆಗಳ ಮುಂದೆ ಓಡಲು ಅವರಿಗೆ ಒಂದು ಲಾರಿ ಬೇಕಾಗಿತ್ತು, ಓಡಿಸಲು ಒಂದು ಆಳೂ ಬೇಕಾಗಿತ್ತು. ನಾನು ರಜೆಗೆ ಬಂದಿದ್ದೆ. ಅವನು ಊಟಕ್ಕೆ ಕೂತು ಹೇಳಿದ:

"ಹೀರೋಗ ಗೇರ್ ಹಾಕಾಕ ಬರೂದಿಲ್ಲವ್ವಾ. ಅವನ ಅಂಗಿ ತೊಟ್ಟು ನಾ ಗಾಡಿ ಹೊಡೀಬೇಕು. ಮಾರಿ ಅವಂದು, ಕೈ ನಂದು."

"ಮತ್ತ ಬೆಂಕ್ಯಾಗ ಹಾರಾಂವ ಯಾರು?" ಅವ್ವ ರೊಟ್ಟಿ ಹಿಡಿದುಕೊಂಡೇ ಕೇಳಿದಳು.

"ಅದಕ್ಕ ಮದ್ರಾಸಿನಿಂದ ಬ್ಯಾರೆ ಮನಷಾ ಬಂದಾನ. ಕಂದರಕ್ಕ ಬೀಳಾಕ ಬ್ಯಾರೆ ಹಳೇ ಗಾಡಿ ಐತಿ. ನಮ್ದು ಬರೇ ಓಡೂದು."

"ಹಂಗಾದ್ರ ಹೀರೋ ಏನ್ ಮಾಡ್ತಾನ?" ಎಂದೆ ನಾನು.

"ಡೈಲಾಗ್ ಹೇಳ್ತಾನ. ನಿಮ್ಮ ಕಾನ್ವೆಂಟಿನ್ಯಾಗ ಕಲಿಸೂದೂ ಅದನ್ನ ಅಲ್ಲೇನ್ರಿ, ಮೇಡಂ?"

ಅವ್ವ ನಕ್ಕಳು. ಅವಳು ನಕ್ಕದ್ದು ನನಗೆ ಆ ಊಟದ ಜೊತೆಗೇ ನೆನಪಿದೆ, ಪುಂಡಿಪಲ್ಯದ ಹುಳಿಯ ಜೊತೆಗೆ.

ಬೆಂಕಿ, ಬಂಡೆ, ಕಂದರ ಯಾವುದೂ ಅಣ್ಣನನ್ನು ಮುಟ್ಟಲಿಲ್ಲ. ಮುಂದಿನ ಚಳಿಗಾಲದಲ್ಲಿ ಮುಂಬೈ ಲೋಡು ಹೊಡೆದು ಬಂದವನ ಕಣ್ಣು ಹಳದಿಯಾಗಿದ್ದವು. ಕಾಮಣಿ ಎಂದು ಬೇರು ತೇಯ್ದು ಕುಡಿಸಿದರು. ಬಾಗಲಕೋಟೆಯ ದವಾಖಾನೆಗೆ ಒಯ್ಯುವ ಹೊತ್ತಿಗೆ ಮಾತು ನಿಂತಿತ್ತು. ಅಷ್ಟು ಸ್ಪೀಡಿನ ಮನುಷ್ಯ, ಅಷ್ಟು ಸಾವಕಾಶವಾಗಿ ಹೋದ. ಲಾರಿಯನ್ನೂ ಮಾರಿದೆವು.

ಸಿನಿಮಾ ಬಂದದ್ದು ಆಮೇಲೆ. ಅದುವರೆಗೆ ಅವ್ವ ಥಿಯೇಟರಿನ ಮೆಟ್ಟಿಲು ಹತ್ತಿದವಳಲ್ಲ. "ಮನ್ಯಾಗ ಫೋಟೊ ಐತೆಲ್ಲವ್ವಾ" ಎಂದೆ.

"ಫೋಟೊದಾಗ ಅವ ಕಟ್ಟಿಗಿ ಹಂಗ ನಿಂತಾನ. ಪಿಚ್ಚರದಾಗ ಗಾಡಿ ಹೊಡಿತಾನ. ನನ್ನ ಕರ್ಕೊಂಡು ಹೋಗು."

ಬಾಗಲಕೋಟೆಯಲ್ಲಿ ನಾವು ಕೂತೆವು, ತಲೆಯ ಮೇಲೆ ಸೆರಗು ಹೊದ್ದ ಅವ್ವ, ಪಕ್ಕದಲ್ಲಿ ನಾನು. ಕ್ಲೋಸಪ್ಪಿನಲ್ಲಿ ಹೀರೋ. ಅವನ ಸೀಟನ್ನು ಯಾರೋ ಹಿಂದಿನಿಂದ ಅಲುಗಿಸುತ್ತಿದ್ದದ್ದು ಕಾಣುವಂತಿತ್ತು, ಸಿಂಪ್ಲಿ ರಿಡಿಕ್ಯುಲಸ್. ಲಾಂಗ್ ಶಾಟಿನಲ್ಲಿ ಮಾತ್ರ ನಮ್ಮ ಲಾರಿ, ಕಿಟಕಿಯಲ್ಲಿ ಒಂದು ಮೊಳಕೈ. ಇಂಟರ್ವಲ್ ಮುಗಿದ ಮೇಲೆ ಲಾರಿ ಒಂದು ಹಳ್ಳಿಯಿಂದ ಹೊರಡುತ್ತದೆ. ಕೈ ಹೊರಗೆ ಬಂತು. ಬಾಗಿಲ ಮೇಲೆ ಎರಡು ಪೆಟ್ಟು. ಯಾರೂ ಹೇಳಿಕೊಡದೆ, ರೂಢಿಯಿಂದ ಬಡಿದದ್ದು. ಡೈರೆಕ್ಟರ್ ಹಾಗೆಯೇ ಬಿಟ್ಟಿದ್ದ. ಮೇಲೆ ಮ್ಯೂಸಿಕ್ಕಿನ ಅಬ್ಬರ, ಸಪ್ಪಳ ಒಂದಿಷ್ಟೂ ಇರಲಿಲ್ಲ.

"ಕೇಳ್ತೇನು?" ಎಂದಳು ಅವ್ವ.

"ಕೇಳ್ತವ್ವಾ" ಎಂದೆ.

ಆಮೇಲೆ ಸಿನಿಮಾ ಹೋದಲ್ಲೆಲ್ಲ ನಾವೂ ಹೋದೆವು. ಜನ ಹಳೇ ಲಾರಿ ಕಂದರಕ್ಕೆ ಬಿದ್ದು ಉರಿಯುವಾಗ ಸೀಟಿ ಹೊಡೆಯುತ್ತಿದ್ದರು. ಅವ್ವ ಅಷ್ಟೊತ್ತಿಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಅವಳ ಸಿನಿಮಾ ಯಾವಾಗಲೋ ಮುಗಿದಿರುತ್ತಿತ್ತು. ಇಡೀ ಜಿಲ್ಲೆಯಲ್ಲಿ ಮೊಳಕೈ ನೋಡಲು ಟಿಕೆಟ್ ತೆಗೆಸಿದವಳು ಅವಳೊಬ್ಬಳೇ.

ಕಮತಗಿಗೆ ಬರುವ ಹೊತ್ತಿಗೆ ಒಂದೆರಡು ವರ್ಷವಾಗಿತ್ತು. ಪರದೆಯ ತುಂಬ ಗೀರು, ಮಳೆ ಬಂದಂತೆ. ಫಸ್ಟ್ ಶೋ. ಚಾಪೆಯ ಮೇಲೆ ಅವ್ವ ಬೆನ್ನು ನೆಟ್ಟಗೆ ಮಾಡಿ ಕೂತಳು, ಹೊತ್ತು ಹತ್ತಿರ ಬಂತೆಂದು. ಹಳ್ಳಿ ಬಂತು. ಲಾರಿ ಸ್ಟಾರ್ಟ್ ಆಯಿತು. ಒಂದು ಕುಲುಕು, ಮತ್ತು ಲಾರಿ ಆಗಲೇ ಹೈವೇ ಮೇಲಿತ್ತು.

ನಾನು ರೀಲು ಜಿಗಿದಿರಬೇಕು, ಮತ್ತೆ ತೋರಿಸುತ್ತಾರೆ ಎಂದುಕೊಂಡೆ. ಅವ್ವನ ಹೆಬ್ಬೆರಳು ತೋರುಬೆರಳು ಒಂದನ್ನೊಂದು ತಿಕ್ಕುತ್ತಿದ್ದವು, ಎಳೆ ಹಿಡಿದಾಗ ಮಾಡುವ ಹಾಗೆ.

"ಇಲ್ಲಿ ಹರದಿತ್ತು. ಕೂಡಿಸ್ಯಾರ" ಎಂದಳು. "ಕೊಂಡಿ ಚಂದ ಬಿದ್ದಿಲ್ಲ."

ಶೋ ಬಿಟ್ಟ ಮೇಲೆ ನಾನು ಮಷಿನ್ ಓಡಿಸುವ ಆಪರೇಟರ್ ಹತ್ತಿರ ಹೋದೆ. ವಯಸ್ಸಾದವನು, ರೀಲು ಸುತ್ತುತ್ತಿದ್ದ.

"ಪ್ರಿಂಟ್ ಭಾಳ ಹಳೇದ್ರಿ ಅಕ್ಕಾರ. ಹರದಲ್ಲಿ ಕತ್ತರಿಸಿ ಅಂಟಸ್ತೀವಿ. ಯಾವೂರಾಗ ಹರದಿತ್ತೊ ಏನೊ, ನಮ್ಮ ಕೈಗೆ ಬರೂದ್ರಾಗ ಹಿಂಗ ಇತ್ತು. ಹೊಡದಾಟದ್ದು ಮಾತ್ರ ಭಾಳ ಜ್ವಾಕಿ ಮಾಡ್ತೀವ್ರಿ. ಅದು ಕಡಿಮಿ ಆತಂದ್ರ ಮಂದಿ ಕಲ್ಲು ಒಗಿತಾರ. ಗಾಡಿ ಹೊಂಡೂದು ಹೋದ್ರ ಯಾರು ಕೇಳ್ತಾರ?"

ಅವನದು ತಪ್ಪಲ್ಲ. ಸ್ಟೋರಿ ಇಲ್ಲದ ಸಿನಿಮಾದಲ್ಲಿ ಎಲ್ಲಿ ಕತ್ತರಿಸಿದರೂ ನಡೆಯುತ್ತದೆ. ಟೆಂಟಿನ ಹೊರಗೆ ಅವ್ವನ ಕೈ ಹಿಡಿದು ನಾನೇ ಹೇಳಿದೆ: "ಕೆರೂರಿಗೆ ಬ್ಯಾರೆ ಪ್ರಿಂಟ್ ಬರಬಹುದವ್ವಾ. ವಿಚಾರಿಸ್ತೇನಿ."

"ಸಾಕು ಬಿಡು ತಂಗಿ. ಅವನರೆ ಎಷ್ಟ್ ಊರು ತಿರಗ್ಯಾನು."

ರಾತ್ರಿ ಆ ಊರಲ್ಲೇ ಇದ್ದ ಸೋದರತ್ತೆಯ ಮನೆಯಲ್ಲಿ ಉಳಿದು ಮುಂಜಾನೆಯ ಬಸ್ಸಿಗೆ ಬಂದೆವು. ಅವ್ವ ಕಿಟಕಿಯ ಪಕ್ಕ ಕೂತಳು. ಜನ ಹತ್ತಿದರು, ಕೋಳಿಯ ಬುಟ್ಟಿ ಹತ್ತಿತು. ಕಂಡಕ್ಟರ್ ಹೊರಗಿನಿಂದ ತಗಡಿನ ಮೇಲೆ ಎರಡು ಸಲ ಬಡಿದ, ಬಸ್ಸು ಬಿಡಲೆಂದು.

ಅವ್ವನ ಕೈ ನನ್ನ ಕೈಯೊಳಗೆ ಬಿಗಿಯಾಯಿತು. ಬಸ್ಸು ಹೊರಟಿತು. ಕಮತಗಿ ದಾಟುವವರೆಗೂ ಅವಳು ಹಿಂದೆ ತಿರುಗಿ ನೋಡಲಿಲ್ಲ.