ಬೇರೆ ಲೋಕಕ್ಕೆ ಹೋದ ನಮ್ಮ ಎಮ್ಮೆ

ಮೊನ್ನೆ ನೀವು ಟಿವಿಯಲ್ಲಿ ಬೇರೆ ಗ್ರಹದ ಸಿನಿಮಾ ನೋಡುತ್ತಿದ್ದಾಗ, ಅಷ್ಟು ದೂರದ ಲೋಕಕ್ಕೆ ನಮ್ಮ ಬೀದಿಯಲ್ಲಿರುವಂಥ ಬೆಕ್ಕು ಹೇಗೆ ಬಂತು ಎಂದು ನಕ್ಕಿರಿ. ನನಗೆ ಒಂದು ಮಾತು ನೆನಪಾಯಿತು. ಎದುರಿಗೆ ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಎಮ್ಮೆಯೂ ಒಮ್ಮೆ ಹಾಗೆ ಹೋಗಿತ್ತು. ಕರೆದುಕೊಂಡು ಹೋದವಳು ನನ್ನ ಮಗಳು, ನಿಮ್ಮ ಅಮ್ಮ.

ಆಗ ಅವಳು ಹತ್ತು ವರ್ಷದ ಹುಡುಗಿ. ಪಕ್ಕದ ಮನೆಯ ಕಪ್ಪು-ಬಿಳುಪು ಟಿವಿಯಲ್ಲಿ ಆಕಾಶನೌಕೆಯ ಧಾರಾವಾಹಿ ನೋಡಿ ಬಂದು, ನಾನು ಅವರೆಕಾಯಿ ಸುಲಿಯುವಾಗ ತನ್ನದೇ ಕತೆ ಕಟ್ಟಿ ಹೇಳುತ್ತಿದ್ದಳು. ಅವಳ ಗ್ರಹದಲ್ಲಿ ಎರಡು ಸೂರ್ಯ, ನೀಲಿ ಹುಲ್ಲು, ನಡುವೆ ನಮ್ಮ ಕೋಳಿ, ನಮ್ಮ ಮೇಕೆ. ಅಲ್ಲಿ ಇವೆಲ್ಲ ಯಾಕೆ ಎಂದರೆ, "ಊರು ಬಿಟ್ಟು ಹೋಗೋರು ಕೋಳಿ ಬಿಟ್ಟು ಹೋಯ್ತಾರೇನವ್ವಾ?" ಎನ್ನುವಳು.

ಆ ವರ್ಷವೇ ನಿಮ್ಮ ತಾತ ತೀರಿಕೊಂಡರು. ಎಮ್ಮೆಯ ಹಾಲು ಕರೆಯುತ್ತಿದ್ದವರು ಅವರೊಬ್ಬರೇ. ಅದು ಕರುವಿಗೆ ಹಾಲಿಳಿಸುವುದು; ನಾನು ಕೆಚ್ಚಲಿಗೆ ಕೈ ಹಾಕಿದ ಕೂಡಲೇ ಬಿಗಿಹಿಡಿಯುವುದು. ಹಿಂಡಿ ಇಟ್ಟೆ, ಮೈ ಸವರಿದೆ, ನನ್ನ ಮೈದುನನೂ ಕೂತು ನೋಡಿದ. ಚೆಂಬು ಖಾಲಿ. ಹಾಲು ಕೊಡದ ಎಮ್ಮೆಗೆ ಎಷ್ಟು ದಿನ ಹುಲ್ಲು ಹಾಕುತ್ತೀರಿ ಅತ್ತಿಗೆ, ಬರುವ ಸಂತೆಗೆ ಜಾವಗಲ್ಲಿಗೆ ಹೊಡೆದುಕೊಂಡು ಹೋಗುತ್ತೇನೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಿಮ್ಮ ಅಮ್ಮ ಮಾತ್ರ ಎಮ್ಮೆಯ ಕೊರಳಿಗೆ ಮುಖ ಒತ್ತಿಕೊಂಡು ನಿಂತುಬಿಟ್ಟಳು, ಊಟಕ್ಕೂ ಬರಲಿಲ್ಲ.

ಸಂತೆಯ ಹಿಂದಿನ ಸಂಜೆ ಅವಳು ಬಹಳ ದಿನಗಳ ಮೇಲೆ ಕತೆ ತೆಗೆದಳು. ಈ ಸಲ ಎಮ್ಮೆಯೇ ನೌಕೆ ಹತ್ತಿತ್ತು. ಆ ಗ್ರಹದಲ್ಲಿ ಇಳಿದ ಮೇಲೆ ಹಾಲು ಕೊಡಲೊಲ್ಲದು. ಅಲ್ಲಿ ಎಲ್ಲರ ಬಟ್ಟೆಯೂ ತಗಡಿನಂತೆ ಹೊಳೆಯುವುದು, ಮನುಷ್ಯರ ವಾಸನೆಯೇ ಇಲ್ಲ. ನೌಕೆಯ ಯಜಮಾನ ಯೋಚಿಸಿ ಯೋಚಿಸಿ, ಭೂಮಿಯಲ್ಲೇ ಉಳಿದುಹೋದ ಎಮ್ಮೆಯವನ ಹಳೇ ಅಂಗಿ ಹುಡುಕಿ ಹಾಕಿಕೊಂಡನಂತೆ.

ಸುಲಿಯುತ್ತಿದ್ದ ಕೈ ನಿಂತಿತು. "ಕೊಡ್ತಾ?" ಎಂದೆ.

"ಅದಿನ್ನೂ ಗೊತ್ತಿಲ್ಲ ಕಣವ್ವಾ."

ನಿಮ್ಮ ತಾತನ ಬಟ್ಟೆಗಳನ್ನೆಲ್ಲ ಆಗಲೇ ಕೊಟ್ಟಾಗಿತ್ತು. ಕೊಟ್ಟಿಗೆಗೆ ಹಾಕುತ್ತಿದ್ದ ಖಾಕಿ ಅಂಗಿಯೊಂದನ್ನು ಮಾತ್ರ ಒಗೆಯದೆ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಅದನ್ನು ಸೀರೆಯ ಮೇಲೆ ತೊಟ್ಟೆ. ನಮ್ಮ ಕೊಟ್ಟಿಗೆಯ ಬಾಗಿಲು ಬೀದಿಗೇ ಇತ್ತು. ನೀರಿಗೆ ಹೋಗುವವರು ನೋಡಿದರೆ ಏನೆಂದುಕೊಂಡಾರು ಎಂದು ಮೈಯೆಲ್ಲ ಹಿಡಿಯಾಯಿತು. ಅಷ್ಟರಲ್ಲಿ ಹಗ್ಗ ಹಿಡಿದು ಬಂದ ಮೈದುನ ನನ್ನನ್ನು ನೋಡಿ, ಬಾಗಿಲಿಗೆ ಅಡ್ಡವಾಗಿ ಬೀದಿಯ ಕಡೆ ತಿರುಗಿ ನಿಂತ.

ಎಮ್ಮೆ ತೋಳನ್ನು ಮೂಸಿತು, ಬಿಟ್ಟಿತು, ಮತ್ತೆ ಮೂಸಿತು. ಕೂತು ಕೈ ಹಾಕಿದೆ. ಚೆಂಬಿನ ತಳಕ್ಕೆ ಹಾಲು ಬಿದ್ದ ಸದ್ದಾಯಿತು.

ನಿಮ್ಮ ಅಮ್ಮ ಹತ್ತಿರ ಬಂದು, "ಇದು ಅಪ್ಪ ಅಲ್ಲ ಅಂತ ಅದ್ಕೆ ಗೊತ್ತಾಗಿಲ್ವೇನವ್ವಾ?" ಎಂದು ಪಿಸುಗುಟ್ಟಿದಳು.

"ಗೊತ್ತೈತೆ ಕಣೇ. ಆದ್ರೂ ಕೊಡ್ತೈತೆ."

ಮೈದುನ ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ ಹೋದ. ಆ ಸಂಜೆಯ ಕತೆಯಲ್ಲಿ ನೌಕೆಯ ಯಜಮಾನ ಖಾಕಿ ಅಂಗಿ ತೊಟ್ಟು, ಎರಡು ಸೂರ್ಯರ ಕೆಳಗೆ, ನೀಲಿ ಹುಲ್ಲಿನಲ್ಲಿ ಎಮ್ಮೆ ಮೇಯಿಸುತ್ತಿದ್ದ.