ಸ್ವಿಚ್ಚಿನ ಮೇಲಿನ ಕೆಂಪು ಚೀಟಿ

ಹನ್ನೊಂದು ವರ್ಷ ಮನೆಮನೆ ತಿರುಗಿ ಕರೆಂಟಿನ ಮೀಟರ್ ಓದಿದವಳನ್ನು ಎಲ್ಲರೂ ಮೀಟರಕ್ಕ ಅಂತಲೇ ಕರೆಯುತ್ತಿದ್ದರು. ಬೀದಿನಾಯಿಗಳಿಗೂ ಅವಳ ಚಪ್ಪಲಿ ಸದ್ದಿನ ಗುರುತಿತ್ತು. ಆಮೇಲೆ ತನ್ನಷ್ಟಕ್ಕೆ ತಾನೇ ಲೆಕ್ಕ ಕಳಿಸುವ ಹೊಸ ಮೀಟರ್ ಬಂತು, ಅಕ್ಕನ ಕೆಲಸ ಹೋಯಿತು.

ಆರು ತಿಂಗಳ ಮೇಲೆ ಕಚೇರಿಯವರೇ ಕರೆದರು. ಇನ್ನು ಕರೆಂಟಿಗೆ ಹೊತ್ತಿಗೊಂದು ದರ. ಹಗಲು ಅಗ್ಗ, ಸಂಜೆ ಆರರಿಂದ ಹತ್ತರವರೆಗೆ ದುಬಾರಿ. ಅದನ್ನು ಮನೆಮನೆಗೂ ಹೇಳಿ, ಸ್ವಿಚ್‌ಬೋರ್ಡಿಗೆ ಗಡಿಯಾರದ ಚಿತ್ರವಿರುವ ಚೀಟಿ ಅಂಟಿಸಿ ಬರಬೇಕು. ಅಗ್ಗದ ಹೊತ್ತು ಹಸಿರು, ದುಬಾರಿ ಹೊತ್ತು ಕೆಂಪು.

ಹೇಳಿದ್ದು ಸುಳ್ಳೇನಲ್ಲ. ಬಟ್ಟೆ ಒಗೆಯುವ ಮಷಿನ್, ಇಸ್ತ್ರಿ, ನೀರಿನ ಪಂಪನ್ನು ಮಧ್ಯಾಹ್ನಕ್ಕೆ ತಳ್ಳಿದವರ ಬಿಲ್ಲು ನಿಜಕ್ಕೂ ಇಳಿಯಿತು. ಒಂದು ಯೂನಿಟ್ಟನ್ನೂ ಹೆಚ್ಚಿಗೆ ಬರೆಯದ ಮೀಟರಕ್ಕನ ಮಾತನ್ನು ಜನ ಕಣ್ಣುಮುಚ್ಚಿ ನಂಬಿದರು. ಕಚೇರಿಯವರು ಅವಳನ್ನೇ ಹುಡುಕಿ ಕರೆದದ್ದೂ ಅದಕ್ಕೇ.

ಚೀಟಿ ಸಾಲದೆಂದು ತಿಂಗಳಿಗೊಂದು ಕಾಗದವೂ ಬರತೊಡಗಿತು. ಕೆಂಪು ಹೊತ್ತಿನಲ್ಲಿ ಕಡಿಮೆ ಉರಿಸಿದವರಿಗೆ ನಗುವ ಮುಖ. ಹೆಚ್ಚು ಉರಿಸಿದವರಿಗೆ ಅಳುವ ಮುಖ, ಅದರ ಕೆಳಗೆ 'ನಿಮ್ಮ ನೆರೆಯವರು ನಿಮಗಿಂತ ಮುಂದಿದ್ದಾರೆ' ಅನ್ನುವ ಸಾಲು. ತಲೆ ನರೆತವರನ್ನು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಬೆಂಚಿನ ಮೇಲೆ ನಿಲ್ಲಿಸುವ ಈ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ!

ಬೀದಿಯ ಕೊನೆಯ ಮನೆ ಟೈಲರ್ ಮಾವನದು. ನಲವತ್ತು ವರ್ಷ ಹೊಲಿದವನು, ಒಂದು ದಿನವೂ ವಾಯಿದೆ ತಪ್ಪಿದವನಲ್ಲ. ಶ್ವಾಸಕೋಶ ಕೈಕೊಟ್ಟ ಮೇಲೆ ಮಂಚದ ಪಕ್ಕ ಕರೆಂಟಿನಿಂದ ನಡೆಯುವ ಆಕ್ಸಿಜನ್ ಮಷಿನ್, ಮೂಗಿಗೆ ನಳಿಕೆ. ಹಗಲೂ ರಾತ್ರಿ ನಿಲ್ಲಿಸಬಾರದು ಅಂತ ಡಾಕ್ಟರು ಹೇಳಿದ್ದರು.

ಒಂದು ಸಂಜೆ ಏಳರ ಸುಮಾರಿಗೆ, ಅಂಟಿಸಿದ ಚೀಟಿ ಉಳಿದಿದೆಯೇ ಅಂತ ನೋಡಲು ಮೀಟರಕ್ಕ ಆ ಮನೆಗೆ ಹೋದಳು. ಒಳಗೆ ಮೇಣದ ಬತ್ತಿ. ಮಷಿನ್ ಸದ್ದಿಲ್ಲ. ಮಾವ ಮಂಚದ ಅಂಚಿಗೆ ಎರಡೂ ಕೈ ಊರಿ, ಭುಜ ಏರಿಸಿ ಏರಿಸಿ ಗಾಳಿ ಎಳೆಯುತ್ತಿದ್ದ. ತುಟಿ ನೀಲಿಗಟ್ಟಿತ್ತು.

"ಅಯ್ಯೋ ಮಾವ! ಕರೆಂಟು ಹೋಯ್ತಾ?"

"ಇದೆಯಮ್ಮ," ಅಂದಳು ಅವನ ಹೆಂಡತಿ, ರಟ್ಟಿನಿಂದ ಗಾಳಿ ಬೀಸುತ್ತಾ. "ಕೆಂಪು ಹೊತ್ತಲ್ವಾ, ಆರಿಸ್ಕೊಂಡು ಕೂತಿದ್ದಾರೆ. ವಾರದಿಂದ ಇದೇ ಕತೆ. ನನ್ನ ಮಾತು ಕೇಳಿದ್ರೆ ತಾನೇ!"

ಮೀಟರಕ್ಕ ಓಡಿಹೋಗಿ ಸ್ವಿಚ್ ಒತ್ತಿದಳು. ಅವಳ ಹೆಬ್ಬೆರಳು ಅವಳೇ ಅಂಟಿಸಿದ್ದ ಕೆಂಪಿನ ಮೇಲೆ ಬಿತ್ತು.

ಉಸಿರು ಹದಕ್ಕೆ ಬರುವವರೆಗೆ ಕಾದು ಕೇಳಿದಳು, "ಯಾಕೆ ಮಾವ ಹೀಗೆ ಮಾಡಿದ್ರಿ?"

ಅವನು ದಿಂಬಿನಡಿಯಿಂದ ಕಾಗದ ಎಳೆದ. ಅಳುವ ಮುಖ. "ನಲವತ್ತು ವರ್ಷದಲ್ಲಿ ಯಾವ ಗಿರಾಕೀನೂ ನಂಗೆ ಇಂಥ ಮುಖ ತೋರಿಸಿಲ್ಲ ಕಣಮ್ಮ. ಪಕ್ಕದ್ಮನೆ ಸೋಮಾರಿ ನಗುಮುಖಾನ ಬಾಗಿಲಿಗೇ ಅಂಟಿಸ್ಕೊಂಡಿದ್ದಾನೆ."

"ಅವನು ಸಂಜೆ ಮನೇಲಿದ್ರೆ ತಾನೇ ಕರೆಂಟು ಉರಿಯೋದು!" ಹೆಂಡತಿ ಸಿಡಿದಳು. ಮಾವನಿಗೆ ನಗು ಬಂತು. ನಗುವಷ್ಟು ಉಸಿರಿರಲಿಲ್ಲ.

"ಈ ಮಷಿನ್ ಮಾತ್ರ ಆರಿಸಬಾರದು ಮಾವ."

"ನೀನು ಹೇಳ್ಲಿಲ್ವಲ್ಲ."

ಹೌದು, ಹೇಳಿರಲಿಲ್ಲ. ಮಷಿನ್ ಕಣ್ಣೆದುರೇ ಇತ್ತು. ದಿನಕ್ಕೆ ಅರವತ್ತು ಮನೆ ಮುಗಿಸುವ ಅವಸರದಲ್ಲಿ ಚೀಟಿ ಅಂಟಿಸಿ ಎದ್ದುಬಂದಿದ್ದಳು. ಅವಳಿಗೆ ತನ್ನ ಮೇಲೇ ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆ ಉಳಿದ ಚೀಟಿಗಳ ಕಟ್ಟನ್ನು ಸಾಹೇಬರ ಮೇಜಿನ ಮೇಲೆ ಕುಕ್ಕಿದಳು. "ಉಸಿರಾಟದ ಮಷಿನ್ ಆರಿಸಬೇಡಿ ಅಂತ ಒಂದು ಸಾಲು ಹಾಕಿಸಿ ಸಾರ್. ಆ ಅಳುವ ಮುಖ ನಿಲ್ಲಿಸಿ."

"ನೋಡಮ್ಮ, ಆರಿಸಿ ಅಂತ ನಾವು ಹೇಳಿದ್ವಾ? ಮಾಹಿತಿ ಕೊಟ್ವಿ, ಅಷ್ಟೇ. ಸಾಲು ಬೇಕಿದ್ರೆ ಮುಂದಿನ ಸಲ ಅಚ್ಚು ಹಾಕಿಸುವಾಗ ನೋಡೋಣ."

ಮಾಹಿತಿ ಕೊಟ್ವಿ, ಅಷ್ಟೇ! ಬಿಲ್ಲು ಇಳಿದ ಮನೆಯವರ ಫೋಟೋ ಸಾಹೇಬರ ಹಿಂದಿನ ಗೋಡೆಯ ಮೇಲೆ ನೇತಾಡುತ್ತಿತ್ತು, ಅದು ಕಚೇರಿಯ ಸಾಧನೆಯಂತೆ. ತುಟಿ ನೀಲಿಯಾದರೆ ಮಾತ್ರ ಬರೀ ಮಾಹಿತಿ. ಯಾರ ಮನೆಯಲ್ಲಿ ಎಷ್ಟು ಉರಿಯುತ್ತಿದೆ ಅಂತ ಗಳಿಗೆ ಗಳಿಗೆಗೂ ತಿಳಿಯುವ ಇವರಿಗೆ, ಯಾಕೆ ಉರಿಯುತ್ತಿದೆ ಅಂತ ಒಂದು ಸಲ ಕೇಳಲು ಪುರುಸೊತ್ತಿಲ್ಲ.

"ಹಾಗಾದ್ರೆ ನನ್ನನ್ನೂ ಮುಂದಿನ ಸಲವೇ ಕರೀರಿ," ಅಂದವಳೇ ಕೊರಳಿನ ಗುರುತಿನ ಕಾರ್ಡು ಕಳಚಿ ಅಲ್ಲೇ ಬಿಟ್ಟಳು.

ಸಂಜೆ ಮತ್ತೆ ಮಾವನ ಮನೆ. ಕೀಳಲು ಹೋದರೆ ಚೀಟಿ ಉಗುರಿಗೆ ಜಗ್ಗಲಿಲ್ಲ.

"ಅಂಟು ಮಾತ್ರ ಒಳ್ಳೇದೇ ತಂದಿದ್ದಾರೆ," ಅಂತ ಹೆಂಡತಿ ಮೂಗು ಮುರಿದಳು.

"ಬಿಡಿ ಇಲ್ಲಿ." ಮಾವ ಹೊಲಿಗೆ ಮಷಿನ್ನಿನ ಡ್ರಾಯರಿಂದ ಅರ್ಧ ಬ್ಲೇಡು ತೆಗೆದ. ಮೂಗಿನ ನಳಿಕೆಯನ್ನು ಜೊತೆಗೇ ಎಳೆದುಕೊಂಡು ಬಂದು ಬೋರ್ಡಿನ ಮುಂದೆ ಕೂತು, ಕೆಟ್ಟ ಹೊಲಿಗೆ ಬಿಚ್ಚುವವನ ಹಾಗೆ ಒಂದು ಮೂಲೆಯಿಂದ ಮೆಲ್ಲಗೆ ಬಿಡಿಸತೊಡಗಿದ. ಗಂಟೆ ಏಳೂವರೆ. ಮಷಿನ್ ಗುರುಗುಟ್ಟುತ್ತಲೇ ಇತ್ತು.

"ಎಷ್ಟು ಮನೆಗೆ ಅಂಟಿಸಿದ್ದೀಯಮ್ಮ?"

"ನಾನೂರು ಚಿಲ್ಲರೆ."

"ಬ್ಲೇಡು ಇಟ್ಕೋ. ಎಲ್ಲ ಕಡೆ ಬೇಕಾಗಲ್ಲ. ಕೇಳಿ ನೋಡು."

ಬ್ಲೇಡನ್ನು ಕಾಗದದಲ್ಲಿ ಸುತ್ತಿಕೊಂಡು ಮೀಟರಕ್ಕ ಹೊರಬಿದ್ದಳು. ನಗುಮುಖ ಅಂಟಿಸಿದ್ದ ಪಕ್ಕದ ಬಾಗಿಲನ್ನೇ ಮೊದಲು ತಟ್ಟಿದಳು. ಬಾಗಿಲು ತೆರೆದ ಸೋಮಾರಿಯ ಮುದಿತಾಯಿಯ ಮುಂದೆ ಈ ಸಲ ಗಡಿಯಾರದ ಮಾತೆತ್ತಲಿಲ್ಲ.

"ಅಮ್ಮಾ, ನಿಮ್ಮನೇಲಿ ಆರಿಸಲೇಬಾರದ್ದು ಏನಾದ್ರೂ ಇದೆಯಾ?"